ಪಾಲಕರ ಸಹಿ

ಕೋಡಿಬಾಗದ ಶಾಲೆ, ಮೂರನೇ ಇಯತ್ತೆ.
ಮಕ್ಕಳ ಬೆಂಚಿನಲ್ಲಿ ಕೂತರೆ
ಮೊಣಕಾಲು ಎದೆಗೇ ಬರುತ್ತದೆ.
ಅಕ್ಕೋರು ಪ್ರಗತಿಪತ್ರ ನನ್ನ ಕಡೆ ತಿರುಗಿಸಿ
ಮೆಲ್ಲಗೆ ಕೇಳಿದರು: ಇದು ನಿಮ್ಮದೇ ಸಹಿಯೋ?

ನನ್ನದೇ. ನನ್ನದಲ್ಲ.
ಗಾಳದ ಕೊಕ್ಕೆಯಂಥ ಅದೇ ‘ಉ’,
ತಾಂಡೇಲ ಎಂದು ಓದಲಾಗದ ಅದೇ ಅಲೆ,
ಕೊನೆಗೆ ಎರಡು ಚುಕ್ಕೆ.
ಅವನ್ನು ಯಾಕೆ ಇಡುತ್ತೇನೋ ನನಗೇ ಗೊತ್ತಿಲ್ಲ.
ಡೀಸೆಲ್ ಚೀಟಿಗೆ, ರೇಷನ್ ಪುಸ್ತಕಕ್ಕೆ ಗೀಚುವಾಗ
ಪಕ್ಕದಲ್ಲೇ ನಿಂತು ನೋಡಿದ್ದಾನೆ, ಪೋರ.

ಗಣಿತಕ್ಕೆ ಸಿ. ಅದಕ್ಕೇ ಇರಬೇಕು.
ಕಿವಿ ಹಿಂಡಲು ಎದ್ದ ಕೈ
ಅಕ್ಕೋರ ಬೆರಳು ತೋರಿದ ಕಡೆ ನಿಂತಿತು:
‘ನಡತೆ’ಯ ಮುಂದೆ ಏನೂ ಬರೆದಿಲ್ಲ.
“ನಿಮ್ಮನ್ನ ಕೇಳಿಯೇ ಬರೆಯುವಾ ಅಂತ ಬಿಟ್ಟೆ.”

ಪ್ರಥಮೇಶ ಕಿಟಕಿಯಾಚೆ ನೋಡುತ್ತಿದ್ದ.
ನನಗೆ ಕೇಳಿದ್ದು ಸ್ಕೂಟರ್ ಸದ್ದು,
ಹೋದ ಶನಿವಾರದ್ದು.
ಓಣಿಯ ತಿರುವಿನಲ್ಲಿ ಐಸ್ ಫ್ಯಾಕ್ಟರಿಯ ಪಾಸ್ಕೋಲ,
ಬಾಗಿಲ ಸಂದಿಯಲ್ಲಿ ನಾನು,
ತುಟಿಗೆ ಬೆರಳು.
“ಅಪ್ಪ ಮಾಜಾಳಿಗೆ ಹೋಗಿದ್ದಾರೆ” ಎಂದ ಹುಡುಗ,
ಒಂದಕ್ಷರ ತಡವರಿಸದೆ.
ಸ್ಕೂಟರ್ ದೂರಾದ ಮೇಲೆ ಬೆನ್ನು ತಟ್ಟಿದೆ:
ಶಾಬಾಸ್ ಪುತಾ, ಹುಷಾರಾದೆ!
ಚಿಕ್ಕಿಗೆ ಐದು ರೂಪಾಯಿ ಕೊಟ್ಟೆ.

ಏನು ಹೇಳಲಿ ಅಕ್ಕೋರಿಗೆ?
ಎರಡು ದಿನ ಖಾಲಿಯೇ ಇರಲಿ ಎಂದೆ.

ಟೆಂಪೋ ಮನೆಯ ಕಡೆ ಹೊರಳಲಿಲ್ಲ.
ಪೇಟೆ ದಾಟಿ ಬೈತಖೋಲಕ್ಕೆ ಬಂತು.
“ನನ್ನನ್ನ ಹೊಡೀತೀಯಾ?” ಎಂದ ಒಮ್ಮೆ.
ಮೀನಿನ ನೀರು ಹಿಂದೆ ತಟಪಟ ತೊಟ್ಟಿಕ್ಕುತ್ತಿತ್ತು.

ನಾಲ್ಕು ತಿಂಗಳ ಐಸಿನ ಬಾಕಿ,
ಜೇಬಿನಲ್ಲಿ ಎಂಟುನೂರು.
ಹೊಟ್ಟು ಕೊಡವುತ್ತ ಬಂದ ಪಾಸ್ಕೋಲ ನಕ್ಕ:
“ಏನು, ಮಾಜಾಳಿಯಿಂದ ಈಗ ಬಂದೆಯೋ?”
ಹುಡುಗ ನನ್ನ ಬಾಯನ್ನೇ ನೋಡಿದ,
ಉತ್ತರ ಕಲಿಯುವವನ ಹಾಗೆ.

“ಹೋಗಿರಲೇ ಇಲ್ಲ. ಬಾಗಿಲ ಹಿಂದೆ ಇದ್ದೆ.
ಇವನ ಬಾಯಲ್ಲಿ ನಾನೇ ಹೇಳಿಸಿದ್ದು.”
ಯಂತ್ರದ ಗುರುಗುರು ಒಳಗೆ.
ಪಾಸ್ಕೋಲ ನೋಟು ಎಣಿಸಿದ, ಬೈದ,
ಬೈಗುಳ ಸಣ್ಣದೇನಲ್ಲ.
ಮಗ ಎಲ್ಲವನ್ನೂ ಕೇಳಿಸಿಕೊಂಡ.
ತಡೆಯಲಿಲ್ಲ ನಾನು.

ರಾತ್ರಿ ಪ್ರಗತಿಪತ್ರ ಅವನೇ ತಂದಿಟ್ಟ.
ಅವನ ಸಹಿಯ ಕೆಳಗೆ ನನ್ನದು.
ಕೈ ಯಾಕೋ ನಡುಗಿತು, ‘ಉ’ ಸೊಟ್ಟಗಾಯಿತು.
ಎರಡರಲ್ಲಿ ಅವನದೇ ಅಸಲು ಅನ್ನಬೇಕು ಯಾರಾದರೂ.

ಬಗ್ಗಿ ನೋಡಿದ, ಉಸಿರು ನನ್ನ ಮಣಿಕಟ್ಟಿಗೆ ತಾಗಿತು.
“ಚುಕ್ಕೆ ಬಿಟ್ಟೆಯಲ್ಲ, ಅಪ್ಪಾ.”