ಹಳದಿ ಪಟ್ಟಿ

ಕೇಳುವವರೆಲ್ಲ ಒಂದೇ ಥರ ಕೇಳುತ್ತಾರೆ,
ಕೌಂಟರಿನ ಮೇಲೆ ಮೊಣಕೈ ಊರಿ, ದನಿ ತಗ್ಗಿಸಿ,
ಬದನೆಕಾಯಿ ಹುಳುಕೋ ಏನೋ ಎಂದು
ತರಕಾರಿಯವಳನ್ನು ವಿಚಾರಿಸುವ ಹಾಗೆ:
‘ಎರಡು ಸಾವಿರದ ಇನ್ನೂರು ಜಾಸ್ತಿ ಕೊಟ್ಟರೆ
ಲೌಂಜ್ ಇರೋ ರೂಮಂತೆ. ಕೊಡಬಹುದಾ? ನಿಜ ಹೇಳಿ.’

ತಮಿಳಲ್ಲಿ ಕೇಳಿದರೆ ತಮಿಳಲ್ಲಿ, ತೆಲುಗಲ್ಲಿ ಕೇಳಿದರೆ ತೆಲುಗಲ್ಲಿ
ಕಲಿಸಿಕೊಟ್ಟದ್ದನ್ನೇ ಒಪ್ಪಿಸುತ್ತೇನೆ: ತುಂಬಾ ಚೆನ್ನಾಗಿದೆ ಸಾರ್.
ಕನ್ನಡದಲ್ಲಿ ಕೇಳಿದರೆ ಮಾತ್ರ ಕಷ್ಟ.
ತಳಿಯ ಸಂತೆಯಲ್ಲಿ ಅವ್ವನ ಪಕ್ಕ ಕೂತು ಹುರುಳಿ ಅಳೆದವಳು ನಾನು,
ಆ ಭಾಷೆಯಲ್ಲಿ ಸೇರು ಅಂದರೆ ಸೇರೇ.

ಹೊಸೂರು ದಾಟಿ ಇಷ್ಟು ದೂರ ಬಂದಿದ್ದೀರಿ, ಕೇಳಿ.
ನಾಲ್ಕನೇ ಮಹಡಿ. ಗಾಜಿನ ಬಾಗಿಲು. ಒಳಗೆ ತಣ್ಣಗಿದೆ.
ಹದಿನಾಲ್ಕು ಸೋಫಾ, ಒಂದರ ಕಾಲು ಅಲ್ಲಾಡುತ್ತಿತ್ತು,
ಕಿಟಕಿ ಪಕ್ಕದ್ದು, ಎಲ್ಲರೂ ಅದಕ್ಕೇ ಓಡುತ್ತಿದ್ದರು.
ಟೀ ಕಾಫಿ ಎಷ್ಟು ಬೇಕಾದರೂ.
ಸಂಜೆ ಐದರಿಂದ ಎಂಟು ಪುಟಾಣಿ ಸಮೋಸ, ಒಂದು ಸೂಪು,
ಸೋಮವಾರ ಬಿಟ್ಟು ಜಾಮೂನು.

ಕೆಳಗೆ ಪಾರ್ಕಿನಲ್ಲಿ ಟೀ ಎಂಬತ್ತು, ಬೇಯಿಸಿದ ಮುಸುಕಿನ ಜೋಳ ನೂರಿಪ್ಪತ್ತು.
ಹದಿನೆಂಟು ಟೀ, ಆರು ಜೋಳಕ್ಕೆ ಅಸಲು ಹುಟ್ಟುತ್ತದೆ,
ಇನ್ನೂ ನಲವತ್ತು ರೂಪಾಯಿ ಬಾಕಿ.
ಲೌಂಜಿನಲ್ಲಿ ಜೋಳ ಇಲ್ಲ, ಅದು ಬೇರೆ ಮಾತು.

ಅಸಲು ಹುಟ್ಟಿಸಲೆಂದೇ ಕೂತವರನ್ನು ಕಂಡಿದ್ದೇನೆ.
ಸೇಲಂ ಕಡೆಯ ಒಬ್ಬರು ಹನ್ನೊಂದು ಸಮೋಸ ತಿಂದು
ಹನ್ನೆರಡನೆಯದನ್ನು ಕಾಗದದಲ್ಲಿ ಸುತ್ತುವಾಗ
ನನ್ನ ಕಣ್ಣು ಕಂಡು, ಬಿಚ್ಚಿ, ತಟ್ಟೆಗೆ ವಾಪಸ್ ಇಟ್ಟರು.
ಆ ರಾತ್ರಿ ಬಸ್ಸಿನಲ್ಲಿ ನನಗೇ ಉಂಡದ್ದು ಇಳಿದಂತಿರಲಿಲ್ಲ.

ಇನ್ನೊಂದು. ನಾವು ಬಾಗಿಲು ತೆಗೆಯುವುದು ಐದಕ್ಕೆ,
ಅಲೆ ಕೊಳದಲ್ಲಿ ದೊಡ್ಡ ಅಲೆ ಬಿಡುವುದೂ ಐದಕ್ಕೆ.
ಕೊಟ್ಟ ದುಡ್ಡು ಮೇಲೆ, ಮಕ್ಕಳು ಕೆಳಗೆ.
ಅಪ್ಪಂದಿರು ಗಾಜಿಗೆ ಹಣೆ ಹಚ್ಚಿ
ನೀರಿನ ಟೋಪಿಗಳಲ್ಲಿ ತಮ್ಮದು ಯಾವುದೆಂದು ಹುಡುಕುತ್ತಾರೆ.

ಹೆಸರಾ? ಎದೆಯ ಮೇಲಿರುವುದು ಭೈರವಿ.
ಮನೆಯಲ್ಲಿ ಬೈರಮ್ಮ. ಮ್ಯಾನೇಜರು ಅಪ್‌ಗ್ರೇಡ್ ಮಾಡಿದರು.
ಸಂಬಳ ಅದೇ.

ಮೊನ್ನೆ ಬಾಗಲೂರಿನ ಸಂಸಾರವೊಂದು ಬಂದಿತ್ತು.
ಆತನಿಗೆ ಮೋಟಾರು ಸುತ್ತುವ ಅಂಗಡಿ, ಉಗುರಲ್ಲಿ ವಾರ್ನಿಷ್.
ಹೆಂಡತಿ, ಎರಡು ಮಕ್ಕಳು, ಜೊತೆಗೆ ತಂಗಿಯ ಮಗಳು,
ಹನ್ನೆರಡಿರಬಹುದು, ಯಾರದೋ ಅಳತೆಯ ಚೂಡಿದಾರ.
ಕೋಣೆಗೆ ನಾಲ್ಕೇ ಹಳದಿ ಪಟ್ಟಿ, ಐದನೆಯದಕ್ಕೆ ಆರುನೂರು.
ಆತ ಫೋನಲ್ಲಿ ಕೂಡಿದ, ಅಳಿಸಿದ, ಮತ್ತೆ ಕೂಡಿದ.
ಹುಡುಗಿ, ಯಾರೂ ಕೇಳದೆಯೇ,
‘ನನಗೆ ಟೀ ಆಗಲ್ಲ ಮಾಮ’ ಅಂದಳು.

ಅವಳ ಅತ್ತೆ ನನ್ನ ಕಡೆ ತಿರುಗಿದಳು,
ಎದೆಯ ಮೇಲಿನ ಹೆಸರನ್ನು ಓದಲಿಲ್ಲ.
‘ಅಕ್ಕ, ಟೀ ಆಗದಿರೋದು ನನಗೆ.
ಆ ಪಟ್ಟಿ ಇವಳ ಕೈಗೆ ಕಟ್ಟಿ.’

ಸಂಜೆ ಬಂದವಳು ಅವಳೊಬ್ಬಳೇ.
ಒದ್ದೆ ಜಡೆ, ಕಿಟಕಿ ಪಕ್ಕದ ಸೋಫಾ.
ಕೂತಳು, ಅಲ್ಲಾಡಿತು, ಎದ್ದಳು,
ಸಕ್ಕರೆಯ ಖಾಲಿ ಪೊಟ್ಟಣಗಳನ್ನು ಮಡಿಸಿ ಮಡಿಸಿ
ಕಾಲಿನಡಿ ತುರುಕಿ, ಮತ್ತೆ ಕೂತಳು.
ಮೂರು ಲೋಟ ಟೀ ಕುಡಿದಳು.
ಲಿಫ್ಟಿನ ಹತ್ತಿರ ಒದ್ದೆ ಬಟ್ಟೆಯ ಚೀಲ ಹಿಡಿದು ನಿಂತಿದ್ದ ಅತ್ತೆಗೆ
ನಾನೇ ಒಂದು ಒಯ್ದೆ, ಹಾಗೆ ಒಯ್ಯುವಂತಿಲ್ಲ.
ಅವಳಿಗೂ ಟೀ ಆಗುತ್ತಿತ್ತು.

ನೀವು ಕೇಳಿದ್ದು ಇದನ್ನಲ್ಲ, ಗೊತ್ತು.
ಮೊಣಕಾಲು ಕೊಯ್ಸಿಕೊಂಡವರು, ಬಸುರಿ,
ನೀರಿಗೆ ಹೆದರುವವರು ಯಾರಾದರೂ ಜೊತೆಗಿದ್ದರೆ ತಗೊಳ್ಳಿ.
ಇಲ್ಲದಿದ್ದರೆ ಸಾದಾ ರೂಮು, ಹಾಸಿಗೆ ಎರಡಕ್ಕೂ ಒಂದೇ.
ಸೋಫಾ ಈಗ ಅಲ್ಲಾಡುವುದಿಲ್ಲ.

ಒಟ್ಟು ಎಷ್ಟು ಜನ ಇದ್ದೀರಿ?