ಕಚ್ಚಾ ವಹಿ

ಮೊದಲ ಸೆಮಿಸ್ಟರಿನಲ್ಲಿ ಕಲಿಸಿದ್ದು:
ತಾಯಿಯ ಹೊಟ್ಟೆಯಲ್ಲಿ ಆರು ತಿಂಗಳು ತುಂಬುವಷ್ಟರಲ್ಲಿ
ಬೆರಳ ತುದಿಯ ಗೆರೆ ಪೂರಾ ಮೂಡಿರುತ್ತದೆ,
ಸತ್ತು ಚರ್ಮ ಕೊಳೆಯುವ ತನಕ ಬದಲಾಗುವುದಿಲ್ಲ.
ಬರೆದುಕೊಂಡೆ. ಪರೀಕ್ಷೆಯಲ್ಲೂ ಅದನ್ನೇ ಬರೆದೆ.
ಹತ್ತಕ್ಕೆ ಒಂಬತ್ತು ಬಂತು.

ದಾವಲಬಿಗೆ ಇದನ್ನು ಯಾರೂ ಹೇಳಿರಲಿಲ್ಲ.

ತಾಳಿಕೋಟಿಯ ಫರ್ಸಿ ಗಿರಣಿಯಲ್ಲಿ
ಇಪ್ಪತ್ತೆಂಟು ವರ್ಷ
ಹಾಸುಗಲ್ಲಿನ ಅಂಚು ಹಿಡಿದು ತಿಕ್ಕಿದ್ದಾಳೆ.
ರೇಶನ್ ಅಂಗಡಿಯ ಮಷೀನು ಆಕೆಯ ಹೆಬ್ಬೆಟ್ಟನ್ನು
ಮೂರು ಸಲ ಮೂಸಿ
ಕೂನ ಸಿಗಲಿಲ್ಲ ಅನ್ನುತ್ತದೆ.
ಆಕೆ ಬೆರಳಿಗೆ ಉಗುಳು ಹಚ್ಚಿ, ಸೆರಗಿಗೆ ಒರೆಸಿ
ಮತ್ತೆ ಅದರ ಬಾಯಿಗೆ ಹಿಡಿಯುತ್ತಾಳೆ,
ನಿದ್ದೆಗಣ್ಣಿನ ಕೂಸಿಗೆ ಹಾಲು ಹಿಡಿದಂತೆ.

ಬೆಳಗಾವಿಯ ಹಾಸ್ಟೆಲಿನಿಂದ ಕೆಂಪು ಬಸ್ಸಿನಲ್ಲಿ
ಕರಿಪುಡಿ, ಕುಂಚ, ಮಸಿಯ ಉರುಳೆ, ಭೂತಗನ್ನಡಿ,
ನಲವತ್ತು ಒಪ್ಪಿಗೆ ಪತ್ರ ತಂದೆ.
ಸವೆದ ಬೆರಳೇ ನನ್ನ ಪ್ರಬಂಧದ ವಿಷಯ.
ಪತ್ರದ ಕೊನೆಗೆ ಅಚ್ಚಾಗಿದೆ:
ಸಹಿ ಬಾರದವರು ಹೆಬ್ಬೆಟ್ಟು ಒತ್ತತಕ್ಕದ್ದು.

ಒತ್ತಿದಳು.
ನೀಲಿ ಮೋಡ. ನಡುವೆ ಒಂದು ಬಿಳಿ ಬಿರುಕು.
'ಬಿತ್ತೇನ?' ಅಂದಳು.
ಬಿತ್ತು ಅಂದೆ.

ಅಪ್ಪ ಬಾಂಡ್ ರೈಟರ್. ಮುದ್ದೇಬಿಹಾಳದಲ್ಲಿ
ಕಚೇರಿಯ ಎದುರಿನ ಬೇವಿನ ಗಿಡದ ಬುಡಕ್ಕೆ ಕೂತು
ಮೂವತ್ತೈದು ವರ್ಷ ಮಂದಿಯ ಹೆಬ್ಬೆಟ್ಟು ಹಿಡಿದವ.
ಮೇಡಮ್ ನಮಗೆ ಎರಡು ತಾಸು ಕಲಿಸಿದ್ದು
ಅವನ ಮಣಿಕಟ್ಟಿಗೆ ಮೊದಲೇ ಗೊತ್ತಿತ್ತು:
ಅದುಮಬಾರದು,
ಉಗುರಿನ ಈ ಅಂಚಿಂದ ಆ ಅಂಚಿಗೆ ಹೊರಳಿಸಬೇಕು.
ಛಾಪಾ ಕಾಗದ ತುಟ್ಟಿ, ಕೆಟ್ಟರೆ ಯಾರಪ್ಪನ ಗಂಟು?
ಅದಕ್ಕೇ ಮೊದಲು ಕಚ್ಚಾ ವಹಿಯಲ್ಲಿ ಒತ್ತಿಸಿ ನೋಡುತ್ತಿದ್ದ.
ಕೆಳಗೆ ಹೆಸರು, ತಾರೀಕು, ಯಾವ ಕಾಗದ.
ಅಂಥ ಹನ್ನೊಂದು ವಹಿ ನಮ್ಮ ಅಟ್ಟದ ಮೇಲಿವೆ,
ಹಳೇ ಸೇವಿಗೆ ಮಣೆಯ ಹಿಂದೆ.

ಏಳನೆಯದರಲ್ಲಿ ದಾವಲಬಿ, ವಯ ಹತ್ತೊಂಬತ್ತು.
ಏನು ಗೆರೆ!
ಹರಗಿ ಬಿಟ್ಟ ಎರಿಹೊಲದ ಸಾಲಿನಂತೆ
ಒಂದರೊಳಗೊಂದು ಸುತ್ತಿ ನಡುವೆ ಚಕ್ರ.
ಗಾಜು ಇಟ್ಟು ಎಣಿಸಿದೆ. ಇಪ್ಪತ್ಮೂರು.
ಒಂದು ಕವಲು, ಒಂದು ದ್ವೀಪ,
ಬಲಕ್ಕೆ ತಟ್ಟನೆ ನಿಂತುಬಿಟ್ಟ ಒಂದು ತುದಿ.
ಖುಷಿಗೆ ಕೈ ನಡುಗಿತು.

ಫೋನಿನಲ್ಲಿ ಮೇಡಮ್: ವಹಿ ಯಾರ ಸುಪರ್ದಿಯಲ್ಲಿತ್ತು?
ಯಾರು ಯಾರು ಮುಟ್ಟಿದ್ದಾರೆ? ಒಪ್ಪಿಗೆ ಇದೆಯೆ?
ಬಿಟ್ಟುಬಿಡು.

ಆದರೂ ಒಯ್ದು ತೋರಿಸಿದೆ.
ಗಾಜು ದೂರ ಹಿಡಿದಳು, ಹತ್ತಿರ ಹಿಡಿದಳು.
'ಚಕ್ರ ಐತಿ ನೋಡ. ನಮ್ಮ ದಾದಿ ಅಂತಿದ್ಲು,
ಹೆಬ್ಬೆಟ್ಟಿನಾಗ ಚಕ್ರ ಇದ್ದಾಕಿ ಕೈಗೆ ಭೂಮಿ ಬರತೈತಿ ಅಂತ.'
ನಕ್ಕಳು. ಆಮೇಲೆ,
'ಇದು ಯಾ ಕಾಗದದ್ದು, ಓದ?'

ಅಪ್ಪನ ಅಕ್ಷರ ಮುತ್ತು. ತಿಳಿಯಲಿಲ್ಲ ಅನ್ನುವಂತಿಲ್ಲ.
ಹಕ್ಕು ಬಿಡುಗಡೆ ಪತ್ರ. ಮೂವರು ಅಣ್ಣಂದಿರ ಪರ.
ನಾಕು ಎಕರೆ ಹನ್ನೆರಡು ಗುಂಟೆಯಲ್ಲಿ ತನ್ನ ಪಾಲು.
ಪ್ರತಿಫಲ: ಪ್ರೀತಿ ವಿಶ್ವಾಸ.

ಕರೆಂಟು ಹೋಗಿ ಗಿರಣಿ ನಿಂತಿತ್ತು.
ಕಲ್ಲಿನ ಹಾಲು ಮಾತ್ರ ಗಟಾರದಲ್ಲಿ ಹರಿಯುತ್ತಿತ್ತು.
'ಅವತ್ತ ನಿಮ್ಮಪ್ಪ ನನಗ ಚಹಾ ಕುಡಿಸಿದ್ದ' ಅಂದಳು,
'ಬೆರಳು ನಡಗಾಕತ್ತಿತ್ತು ಅಂತ ತಾನೇ ಹಿಡಕೊಂಡಿದ್ದ.'

ಮತ್ತೊಮ್ಮೆ ನೋಡಿದೆ. ಚಕ್ರದ ಎಡಕ್ಕೆ
ಅರ್ಧವಷ್ಟೇ ಬಿದ್ದ ಇನ್ನೊಂದು ಬೆರಳು,
ಮಸಿ ಹತ್ತಿದ ಶಂಖ.
ಯಾರದೆಂದು ತಿಳಿಯಲು
ಪುಡಿ ಬೇಕಿರಲಿಲ್ಲ, ಕುಂಚ ಬೇಕಿರಲಿಲ್ಲ.

ಪಟ್ಟಿಯಲ್ಲಿ ಆಕೆಯ ಸಾಲು: ಮಾದರಿ ಹದಿನೇಳು.
ಗೆರೆ: ಓದಲಾಗದು.
ಷರಾ ಎಂಬ ಕಾಲಮ್ಮು ಇನ್ನೂ ಖಾಲಿ ಇದೆ.
ಫೀ ಕಟ್ಟಲು ಕಡೆಯ ದಿನ ಶುಕ್ರವಾರ.
ಅಪ್ಪ ನಸುಕಿನಲ್ಲೇ ಗಿಡದ ಬುಡಕ್ಕೆ ಹೋಗಿದ್ದಾನೆ.