ಸುಣ್ಣ ಕಮ್ಮಿ

ಸಿದ್ದಾಪುರದ ದಾರಿಗೆ ಆನೆ ಅಡ್ಡ ನಿಂತ ದಿನ
ನನ್ನ ಹತ್ತನೇ ತರಗತಿಗೆ ಇಬ್ಬರು ಕಮ್ಮಿ.
ಅದನ್ನೇ ಹಿಡಿದು ಅಯಾನು ಶುರುಮಾಡಿದೆ:
ನೋಡಿ, ಕೋಣೆ ಅದೇ, ಗೋಡೆ ಅದೇ,
ನಡುವೆ ಕುರ್ಚಿಗಂಟಿದ ನನ್ನ ಭಾರವೂ ಅದೇ,
ಅಂಚಿನ ಬೆಂಚಿನಿಂದ ಇಬ್ಬರು ಹೋದರೆ
ಗದ್ದಲದ ಬಣ್ಣವೇ ಬೇರೆ.

ತಾಮ್ರವೂ ಹಾಗೇ.
ತಂತಿಯಲ್ಲಿರುವಾಗ ಕೆಂಪು.
ಎರಡು ಎಲೆಕ್ಟ್ರಾನು ಕಳೆದುಕೊಂಡು
ನೀರಿಗಿಳಿಯಿತೋ, ನೀಲಿ.
ಬೋರ್ಡಿನ ಮೇಲೆ ಅದರ ಹೆಸರು ಬರೆದು
ನೆತ್ತಿಯ ಹತ್ತಿರ, ಪುಟ್ಟದಾಗಿ,
ಎರಡು, ಕೂಡು ಚಿಹ್ನೆ.

ಹಿಂದಿನಿಂದ ವೈ.ಸಿ. ಮುತ್ತಿ ಎದ್ದಳು.
ಎದ್ದರೆ ಬೇಗ ಕೂರುವವಳಲ್ಲ.
"ಕಳೆದುಕೊಂಡದ್ದಕ್ಕೆ ಕೂಡುವ ಗುರುತು ಯಾಕೆ ಟೀಚರ್?"

ಇಪ್ಪತ್ತೊಂದು ವರ್ಷ ಕಲಿಸಿದ್ದೇನೆ.
ಎಲೆಕ್ಟ್ರಾನು ಋಣ, ಎಂದೆ.
ಋಣ ಹೋದರೆ ಉಳಿಯುವುದು ಧನ.
ಲೆಕ್ಕ ಸರಿ. ಮುತ್ತಿ ಕೂತಳು,
ಕೂತ ರೀತಿಯಲ್ಲೇ ಗೊತ್ತಾಯಿತು, ಒಪ್ಪಿಲ್ಲ.
"ಆ ಋಣ ಹೋಗಿ ಯಾರ ತಲೆಗೆ ಬಿತ್ತು"
ಎಂದು ಡೆಸ್ಕಿಗೆ ಹೇಳಿಕೊಂಡಳು.
ಅದು ಇನ್ನೂ ಒಳ್ಳೆಯ ಪ್ರಶ್ನೆ.
ಅಷ್ಟರಲ್ಲಿ ಗಂಟೆ ಹೊಡೆಯಿತು,
ಎಲ್ಲರಿಗಿಂತ ಮೊದಲು ನಾನೇ ಹೊರಗೆ ಬಂದೆ.

ಕೈಲ್‌ಪೊಳ್ದ್ ಮುಗಿದು ಎಂಟು ದಿನ.
ನಮ್ಮನೆಯ ಕೋವಿಗೆ, ಒಡಿಕತ್ತಿಗೆ ಇಟ್ಟ ತೋಕ್‌ಪೂ
ಒಣಗಿ ಬಾಗಿಲ ಹಿಂದೆ ಬಿದ್ದಿತ್ತು.
ಮಳೆ ಬಿಡುವು ಕೊಟ್ಟ ಶನಿವಾರ
ಅರ್ಧ ದಿನದ ಶಾಲೆ ಬಿಟ್ಟು
ತೋಟದ ಒಳದಾರಿ ಹಿಡಿದರೆ
ಎರಡು ಡ್ರಮ್ಮಿನ ನಡುವೆ ಮುತ್ತಿಯ ಅಪ್ಪ ಚುಬ್ರು.
ಒಂದರಲ್ಲಿ ಮೈಲುತುತ್ತ ಕರಗಿದ ನೀಲಿ
ಇನ್ನೊಂದರಲ್ಲಿ ಸುಣ್ಣದ ಹಾಲು.
ನೀಲಿಯನ್ನು ಹಾಲಿಗೆ ಹೊಯ್ಯುವುದು ಅವನು
ಕೋಲು ತಿರುವುವುದು ಇವಳು.
ಮಜ್ಜಿಗೆಗೆ ಯಾರೋ ಶಾಯಿ ಚೆಲ್ಲಿದ ಹಾಗಿತ್ತು.

ಚುಬ್ರು ಸೊಂಟದ ಕತ್ತಿ ತೆಗೆದ.
ಪೂಜೆ ಕಾಣದ ಕತ್ತಿ,
ಹಿಡಿಗೆ ಸೈಕಲ್ ಟ್ಯೂಬಿನ ಸುತ್ತು.
ತುದಿ ಅದ್ದಿ
ಅರ್ಧ ಬೀಡಿ ಸುಡುವಷ್ಟು ಹೊತ್ತು ಬಿಟ್ಟು
ಎತ್ತಿ ಬಿಸಿಲಿಗೆ ಹಿಡಿದ.

ಅಲಗಿಗೆ ಕೆಂಪು ಹತ್ತಿತ್ತು, ಹೊಸ ಕಾಸಿನ ಕೆಂಪು.
ನೀಲಿಯಾಗಿ ಅಲೆಯುತ್ತಿದ್ದ ತಾಮ್ರ
ಕತ್ತಿಯಿಂದ ಎರಡೆರಡು ಈಸಿಕೊಂಡು
ಮತ್ತೆ ತಾನಾಗಿ ಕೂತಿತ್ತು.
ಕೊಟ್ಟ ಕಬ್ಬಿಣ?
ಡ್ರಮ್ಮಿನೊಳಗೆ ಎಲ್ಲೋ,
ನೆತ್ತಿಯ ಮೇಲೆ ಕೂಡು ಚಿಹ್ನೆ ಹೊತ್ತು,
ಕಣ್ಣಿಗೆ ಬೀಳದೆ.

"ಸುಣ್ಣ ಕಮ್ಮಿ," ಎಂದ ಚುಬ್ರು.
"ಹೀಗೇ ಹೊಡೆದರೆ ಎಲೆ ಸುಡ್ತದೆ."
ಮುತ್ತಿ ಎರಡು ಚೊಂಬು ಹಾಲು ಸುರಿದಳು,
ಕತ್ತಿಯನ್ನು ಮರಳಿಗೆ ಉಜ್ಜಿ ಮತ್ತೆ ಅದ್ದಿದಳು.
ಈ ಸಲ ಕತ್ತಿ ಕತ್ತಿಯಾಗಿಯೇ ಮೇಲೆ ಬಂತು.
ನನ್ನನ್ನು ನೋಡಿದಳು, ಏನೂ ಹೇಳಲಿಲ್ಲ.

ಪರೀಕ್ಷೆಗೆ ಮೂರು ಅಂಕದ ಪ್ರಶ್ನೆ:
ತಾಮ್ರದ ಸಲ್ಫೇಟಿನಲ್ಲಿ ಕಬ್ಬಿಣದ ಮೊಳೆ ಅದ್ದಿದರೆ ಏನಾಗುತ್ತದೆ?
ಮುತ್ತಿಯ ಉತ್ತರ:
ಕಬ್ಬಿಣ ಎರಡು ಕೊಟ್ಟು ನೀರಿಗೆ ಹೋಯಿತು.
ತಾಮ್ರ ಎರಡು ಪಡೆದು ಮೊಳೆ ಮೇಲೆ ಕೂತಿತು.
ಸುಣ್ಣ ಕಮ್ಮಿ.

ಕೊನೆಯ ಸಾಲು ಮಾದರಿ ಉತ್ತರದಲ್ಲಿಲ್ಲ.
ಹೊಡೆದುಹಾಕಲು ಎತ್ತಿದ ಕೆಂಪು ಪೆನ್ನು
ಅಲ್ಲೇ ಸ್ವಲ್ಪ ಹೊತ್ತು ಶಾಯಿ ಸೋರಿತು.
ಮೂರಕ್ಕೆ ಮೂರು ಕೊಟ್ಟೆ.

ನಿನ್ನೆ ಬಸ್ಸಿನ ಕಿಟಕಿಯಿಂದ ಕಂಡೆ:
ಗಾಳಿ ಮಗುಚಿದ ಕಾಫಿ ಎಲೆಗಳ ಬೆನ್ನಿಗೆಲ್ಲ ನೀಲಿ ಚುಕ್ಕಿ.
ಹನಿ ಬಿದ್ದಾಗ ಅಲ್ಲಿಂದ ಒಂದಿಷ್ಟು ತಾಮ್ರ ಬಿಡಿಸಿಕೊಂಡು
ಕಬ್ಬಿಣಕ್ಕಲ್ಲದೆ ಎಲೆಗೂ ಹಿಡಿಯುವ ತುಕ್ಕಿನ
ಬಾಯಿಗೆ ಹೋಗುತ್ತದೆ,
ಎರಡು ಕಳೆದುಕೊಂಡದ್ದೇ.

ಹುಡುಗಿಗೆ ಉತ್ತರ ಹೇಳುವುದು ಬಾಕಿ ಇದೆ.
ಸೋಮವಾರ ಮೊದಲ ಪಿರಿಯಡ್ಡು ನನ್ನದೇ,
ದಾರಿಯಲ್ಲಿ ಆನೆ ಇಲ್ಲದಿದ್ದರೆ.